ನಾನು ದೋಣಿಯನ್ನು ನೋಡುತ್ತಿದ್ದೆ

ನವೆಂಬರ್ 11, 2025, ಮಂಗಳವಾರ. ನಾಶಿಕ

ಬಲಗಡೆಯ ತೇಲುಪಾದ ತುದಿಯಿಂದ 64 ಮಿಲಿಮೀಟರ್ ಸೀಳಿದೆ. ಮೇಲ್ಹೊದಿಕೆಯಲ್ಲಿ ಎರಡು ಬಿರುಕು: ಒಂದು 112, ಇನ್ನೊಂದು 38. ಹಿಂದಿನ ರೆಕ್ಕೆಯ ಎಡಗಂಬ ಮುರಿದಿದೆ. ಪ್ರೊಪೆಲರಿನ ಒಂದು ಅಲಗು ಬಾಗಿದೆ, ಅದನ್ನು ನೇರ ಮಾಡಲಾಗದು, ಹೊಸದೇ ಬೇಕು. ಒಳಗಿನ ವಿದ್ಯುತ್ ಪೆಟ್ಟಿಗೆಗೆ ನೀರು ಹೋದಂತಿಲ್ಲ. ತೆರೆದು ನೋಡಲಿಲ್ಲ.

ದೋಣಿಯ ಹಾನಿಯನ್ನೇ ಮೊದಲು ಬರೆದೆ. ಜಯಂತನದು ಹೀಗಿದೆ: ಬಲಗಾಲು, ಮೊಣಕಾಲಿನ ಕೆಳಗಿನ ಎರಡೂ ಮೂಳೆ. ನಿನ್ನೆ ರಾಡ್ ಹಾಕಿದರು. ಮೂರು ತಿಂಗಳು ಊರುವಂತಿಲ್ಲ.

ನಡೆದದ್ದು. ಭಾನುವಾರ ಬೆಳಗ್ಗೆ ಹತ್ತೂ ಇಪ್ಪತ್ತು. ಸಟಾಣಾ, ಜಯಂತನ ದಾಳಿಂಬೆ ತೋಟದ ದೊಡ್ಡ ಕೃಷಿಹೊಂಡ. ಕ್ಲಬ್ಬಿನ ಅಭ್ಯಾಸದ ಓಟ. ನಮ್ಮ ‘ಟಿಟ್ಟಿಭ’ ನೀರಿನಲ್ಲಿತ್ತು; ಹಕ್ಕಿಯ ಹೆಸರಿನ ದೋಣಿ, ದಂಡೆಯಲ್ಲಿ ನಿಂತು ರೇಡಿಯೋ ರಿಮೋಟಿನಿಂದ ಓಡಿಸುವಂಥದ್ದು. ಅದು ನಿಜವಾದ ರೇಸ್ ಹೈಡ್ರೋಪ್ಲೇನಿನ ಎಂಟರಲ್ಲೊಂದು ಅಳತೆಯದು, ನೂರಾ ಏಳು ಸೆಂಟಿಮೀಟರ್ ಉದ್ದ. ಓಡುವಾಗ ನೀರನ್ನು ಮೂರೇ ಕಡೆ ಮುಟ್ಟುತ್ತದೆ: ಮುಂದಿನ ಎರಡು ತೇಲುಪಾದ, ಹಿಂದೆ ಅರ್ಧ ಪ್ರೊಪೆಲರ್. ಉಳಿದದ್ದೆಲ್ಲ ಗಾಳಿಯ ಮೇಲೆ. ಕಟ್ಟುವವಳು ನಾನು, ಓಡಿಸುವವನು ಮಧುಕರ. ಹನ್ನೊಂದು ವರ್ಷದಿಂದ ಹೀಗೇ. ಅವನು ಓಡಿಸುವಾಗ ನಾನು ಅವನ ಎಡಕ್ಕೆ ನಿಂತು ಕೂಗುತ್ತೇನೆ: ಒಳಗೊಂದು, ಹಿಂದೊಂದು, ಹಾದಿ ಖಾಲಿ. ಓಡಿಸುವವನು ತನ್ನ ದೋಣಿಯಿಂದ ಕಣ್ಣು ಕೀಳಬಾರದು. ಉಳಿದ ದೋಣಿಗಳನ್ನು ನೋಡುವುದು ಕೂಗುವವಳ ಕೆಲಸ.

ಮೂರನೆಯ ಸುತ್ತು, ಪಂಪಿನ ತಗಡಿನ ಶೆಡ್ಡಿನ ಹಿಂದಿನ ತಿರುವು. ದೋಣಿ ತಿರುಗಲಿಲ್ಲ, ನಿಲ್ಲಲೂ ಇಲ್ಲ. ಪೂರ್ತಿ ವೇಗದಲ್ಲಿ ದಂಡೆ ಹತ್ತಿತು. ದಂಡೆಯ ಮೇಲೆ ಜಯಂತ್ ಇದ್ದ.

ಮಧುಕರ ರಿಮೋಟಿನಲ್ಲಿ ವೇಗ ಕೊಡುವ ಟ್ರಿಗರ್ ಬಿಟ್ಟಿದ್ದನೇ ಎಂದು ಎಲ್ಲರೂ ಕೇಳುತ್ತಿದ್ದಾರೆ. ನಾನು ದೋಣಿಯನ್ನು ನೋಡುತ್ತಿದ್ದೆ.

ಅಮ್ಮ ಬಾಗಿಲಲ್ಲಿ ನಿಂತು, “ಊಟಕ್ಕ ಬಾ ಅಂದ್ರ ಆ ಮುರುಕು ಬಾತುಕೋಳಿ ಮುಂದ ಕುಂತೀದಿ. ಮನಷಾಂದು ಕಾಲು ಮುರ್ದದ, ಇಕಿ ಪಟ್ಟಿ ಹಿಡಕೊಂಡು ಕಟಗಿ ಅಳಿಲತ್ತಾಳ,” ಎಂದಳು.

ಊಟ ಮಾಡಿದೆ.

ನವೆಂಬರ್ 16, ಭಾನುವಾರ

ಪಂಚವಟಿಯಲ್ಲಿ ಸಭೆ, ವೈಷ್ಣವಿಯ ತಂದೆಯ ಹಿತ್ತಾಳೆ ಪಾತ್ರೆ ಅಂಗಡಿಯ ಮಹಡಿಯಲ್ಲಿ. ಕುಂಭಮೇಳದ ಕಾಮಗಾರಿಗೆ ಓಣಿ ಅಗೆದಿದ್ದಾರೆ, ಆಟೋ ಒಳಗೆ ಬರಲಿಲ್ಲ. ನಾವು ಏಳು ಜನ. ವೈಷ್ಣವಿ ಈ ವರ್ಷದ ಅಧ್ಯಕ್ಷೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ, ಕೇಳಬೇಕಾದ್ದನ್ನು ನೇರ ಕೇಳುತ್ತಾಳೆ.

“ಕಾಕಾ, ಟ್ರಿಗರ್ ಬಿಟ್ಟಿದ್ದಿರಾ?”

ಮಧುಕರ ಅವಳಿಗೆ ಮರಾಠಿಯಲ್ಲಿ ಉತ್ತರಿಸಿ, ಆಮೇಲೆ ಅದನ್ನೇ ನನ್ನ ಕಡೆ ತಿರುಗಿ ನಮ್ಮ ಭಾಷೆಯಲ್ಲಿ ಹೇಳಿದ. ನಾನು ಅಲ್ಲಿ ಕೇಳಿಸಿಕೊಂಡಿರಲಿಲ್ಲ ಎಂಬಂತೆ. “ಬಿಟ್ಟೀನಿ ಅಂತನೇ ತಿಳ್ಕೊಂಡೀನಿ ಸಾಹೇಬ. ಆದ್ರ ದೋಣಿ ನಿಂತಿಲ್ಲಲ್ಲ? ದೋಣಿ ಏನು ಸುಳ್ಳು ಹೇಳ್ತದಾ? ವರ್ಷ ಐವತ್ನಾಕು ಆದವು. ಬೆರಳು ಮಾತು ಕೇಳಿಲ್ಲ, ಅಷ್ಟೇ.”

ನಾನು ಕಾರ್ಖಾನೆಯಲ್ಲಿ ಅಳತೆ ತಪಾಸಣೆ ಮಾಡುವವಳಾದ್ದರಿಂದ ಅವನು ನನ್ನನ್ನು ಇನ್ಸ್‌ಪೆಕ್ಟರ್ ಸಾಹೇಬ ಎಂದೇ ಕರೆಯುವುದು.

ವೈಷ್ಣವಿ ನನ್ನನ್ನು ಮರಾಠಿಯ ರೂಢಿಯಂತೆ ತಾಯಿ, ಅಂದರೆ ಅಕ್ಕ, ಎಂದು ಕರೆದು ಕೇಳಿದಳು: “ಶಿವಗಂಗಾತಾಯಿ, ನೀವು ಪಕ್ಕದಲ್ಲೇ ಇದ್ದಿರಿ. ಅವರ ಕೈ ನೋಡಿದಿರಾ?”

“ಕೂಗುವವರು ಕೈ ನೋಡುವುದಿಲ್ಲ,” ಎಂದೆ.

ಎಲ್ಲರೂ ತಲೆ ಆಡಿಸಿದರು. ಹೊಸಬರಿಗೆ ನಾವು ಮೊದಲು ಕಲಿಸುವ ಮಾತೇ ಅದು. ಓಟಕ್ಕೆ ಮೊದಲು ದೋಣಿಗೆ ಮಾಡುವ ತಪಾಸಣೆಯ ಪಟ್ಟಿಯನ್ನೂ ತೆಗೆದರು. ಹನ್ನೆರಡು ಸಾಲು, ಹನ್ನೆರಡು ಗುರುತು, ನನ್ನ ಸಹಿ. “ಶಿವಗಂಗಾತಾಯಿಯ ಪಟ್ಟಿ, ಇದನ್ನೇನು ನೋಡುವುದು,” ಎಂದು ವೈಷ್ಣವಿ ಮಡಚಿಟ್ಟಳು.

ಮಧುಕರನಿಗೆ ಒಂದು ವರ್ಷ ಓಡಿಸುವಂತಿಲ್ಲ. ಅವನು ಎದ್ದ. “ಮೂರುವರಿ ಗಾಡಿ ನಂದೇ ಅದ. ಸಂಭಾಜಿನಗರಕ್ಕ ನಲವತ್ನಾಕು ಮಂದಿ ಕುಂತಿರ್ತಾರ, ಲೇಟ್ ಮಾಡಿದ್ರ ಅವರೂ ಮೀಟಿಂಗ್ ಹಾಕ್ತಾರ.” ನಗಿಸಿ ಹೋದ. ಅವನು ಎಸ್.ಟಿ. ಬಸ್ಸಿನ ಚಾಲಕ, ಇಪ್ಪತ್ತೇಳು ವರ್ಷದಿಂದ.

ನವೆಂಬರ್ 18

ಕೆಲಸ. ಕಂಪನಿ ಬಸ್ಸಿನಲ್ಲಿ ಒಂದು ಜಪಾನಿ ಕಾದಂಬರಿಯ ಅನುವಾದ. ಮೂವತ್ತು ಪುಟಗಳಿಂದ ಒಬ್ಬ ಸ್ಟೇಷನ್ನಿನಲ್ಲಿ ಕೂತಿದ್ದಾನೆ, ರೈಲು ಹತ್ತುತ್ತಿಲ್ಲ. ಅನುವಾದಕರು ಅವಸರಪಟ್ಟಿಲ್ಲ.

ನವೆಂಬರ್ 23, ಭಾನುವಾರ

ಸೀಳಿದ ತೇಲುಪಾದವನ್ನು ಗರಗಸದಿಂದ ಚೌಕವಾಗಿ ಕತ್ತರಿಸಿ ತೆಗೆದೆ. ಹೊಸ ತುಂಡು, ಒಂದೂವರೆ ಮಿಲಿಮೀಟರ್ ಪ್ಲೈವುಡ್, ಒಳಗೆ ಬಾಲ್ಸಾ. ಅಂಟು ಗಟ್ಟಿಯಾಗಲು ಇಪ್ಪತ್ತನಾಲ್ಕು ಗಂಟೆ. ಎಡ ತೇಲುಪಾದದ ತಳಕ್ಕೆ ಕೋನ ಎರಡೂವರೆ ಡಿಗ್ರಿ ಇದೆ. ಬಲಕ್ಕೂ ಅಷ್ಟೇ ಬರಬೇಕು. ಹೆಚ್ಚಾದರೆ ಮೂತಿ ಎದ್ದು ದೋಣಿ ಹಿಂದಕ್ಕೆ ಮಗುಚುತ್ತದೆ, ಕಡಿಮೆಯಾದರೆ ನೀರಿಗೆ ಅಂಟುತ್ತದೆ. ಬಂತು: 2.5.

ಸಂತೋಷವಾಗಬೇಕಿತ್ತು. ಗಡಿಯಾರ ನೋಡಿದೆ, ಒಂದೂ ಹತ್ತು.

ಡಿಸೆಂಬರ್ 2, ಮಂಗಳವಾರ

ಮಧುಕರ ಫೋನ್ ಮಾಡಿದ್ದ. ದೋಣಿ ಎಲ್ಲಿಗೆ ಬಂತು ಎಂದು ಕೇಳಿದ, ಹೇಳಿದೆ. ಆಮೇಲೆ ಅವನೇ ಮಾತಾಡಿದ.

“ಸಾಹೇಬ, ಒಂದು ಮಾತು. ಈಗ ಸ್ಟೀರಿಂಗ್ ಹಿಡಿದ್ರ ರೋಡ್ ನೋಡೂದು ಬಿಟ್ಟು ಕೈನೇ ನೋಡ್ಲತ್ತೀನಿ. ಬ್ರೇಕ್ ಐವತ್ತು ಫೂಟ್ ಮೊದಲೇ ಹಾಕ್ತೀನಿ. ಕಂಡಕ್ಟರ್ ಪ್ಯಾಸೆಂಜರಿಗೆ ಹೇಳ್ತಾನ, ‘ಕುಂದ್ರಿ ಕುಂದ್ರಿ, ನಮ್ಮ ಗಾಡಿಗೆ ಈಗ ಎತ್ತು ಕಟ್ಟೀವಿ’ ಅಂತ.”

“ಡಾಕ್ಟರಿಗೆ ತೋರಿಸಿದೆಯಾ?”

“ತೋರಿಸ್ದೆ. ಏನೂ ಇಲ್ಲ ಅಂದ್ರು. ಏನೂ ಇಲ್ದಿದ್ರ ಜಯಂತನ ಕಾಲು ಯಾರು ಮುರ್ದ್ರು?”

ನಾನು ಹೊಸ ಪ್ರೊಪೆಲರಿನ ಬಗ್ಗೆ ಹೇಳಿದೆ. ಕರೆ ಒಂಬತ್ತು ನಿಮಿಷ.

ಡಿಸೆಂಬರ್ 5

ಕಾರ್ಖಾನೆಯಲ್ಲಿ ನನ್ನ ಕೈಕೆಳಗಿನ ಶಿವಕಾಂತ ಇಪ್ಪತ್ತು ಬೇರಿಂಗ್ ಅಳೆಯುವ ಕಡೆ ಹನ್ನೆರಡು ಅಳೆದು ಇಪ್ಪತ್ತು ಅಂಕಿ ಬರೆದಿದ್ದ. ನೋಡಿದೊಡನೆ ತಿಳಿಯಿತು. ಸಹಿ ಹಾಕಿದೆ.

ಡಿಸೆಂಬರ್ 7, ಭಾನುವಾರ. ಸಟಾಣಾ

ಜಯಂತನನ್ನು ನೋಡಲು ಹೋಗಿದ್ದೆ. ಅಂಗಳದಲ್ಲಿ ಈರುಳ್ಳಿ ಹರಡಿದ್ದರು, ಮಂಚವನ್ನು ಅದರ ಪಕ್ಕಕ್ಕೇ ತರಿಸಿಕೊಂಡು ಕೂಲಿಯವರನ್ನು ಮಲಗಿಯೇ ಗದರುತ್ತಿದ್ದ. ಕಾಲು ಎರಡು ದಿಂಬಿನ ಮೇಲೆ.

“ಬಂದರಪ್ಪ ಎಂಜಿನಿಯರ್,” ಎಂದ ಮರಾಠಿಯಲ್ಲಿ. “ನಿಮ್ಮ ದೋಣಿ ಅರವತ್ತೆಂಟು ಕಿಲೋಮೀಟರ್ ವೇಗ ಎಂದಿರಿ. ನನ್ನ ಲೆಕ್ಕದಲ್ಲಿ ಎಂಬತ್ತು. ಮೂಳೆಗೆ ಗೊತ್ತಾಗುತ್ತದೆ.”

ಅವನ ಹೆಂಡತಿ ಚಹಾ ಕೊಟ್ಟು, ಛಾಟಣಿ ಹಂಗಾಮಿನಲ್ಲಿ ಹೀಗಾಯಿತು, ಗಿಡ ಸವರುವ ಕೆಲಸಕ್ಕೆ ಮನೆಯವರೇ ನಿಲ್ಲಬೇಕು ಎಂದಳು. ದೂರಿನ ದನಿಯಲ್ಲಿ ಅಲ್ಲ.

ಜಯಂತ್ ಆಮೇಲೆ ಕೇಳಿದ: “ಮಧುಕರನ ಮೇಲೆ ನನಗೆ ಸಿಟ್ಟಿಲ್ಲ. ವಯಸ್ಸು. ಆದರೆ ಯಂತ್ರದಲ್ಲಿ ಏನೂ ಇರಲಿಲ್ಲ ತಾನೆ? ನೀವು ನೋಡಿದ್ದಿರಲ್ಲ?”

“ಪಟ್ಟಿಯಲ್ಲಿ ಗುರುತು ಇತ್ತು,” ಎಂದೆ.

ಅದು ಸುಳ್ಳಲ್ಲ. ಬರುವಾಗ ಒಂದು ಚೀಲ ದಾಳಿಂಬೆ ಕೊಟ್ಟರು. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ.

ಡಿಸೆಂಬರ್ 14, ಭಾನುವಾರ

ಬಣ್ಣ ಮುಗಿಯಿತು. ತೂಕ 5,862 ಗ್ರಾಂ, ಮೊದಲಿಗಿಂತ 22 ಹೆಚ್ಚು. ಕಣ್ಣಿಗೆ ರಿಪೇರಿ ಕಾಣುವುದಿಲ್ಲ. ಉಳಿದಿರುವುದು ವಿದ್ಯುತ್ ಪೆಟ್ಟಿಗೆ ಒಂದೇ.

ನವೆಂಬರ್ 8ರ ಕೆಲಸವನ್ನು ಎಲ್ಲೂ ಬರೆದಿರಲಿಲ್ಲ. ಬರೆಯುತ್ತೇನೆ.

ಓಟದ ಹಿಂದಿನ ದಿನ ಹೊಸ ರಿಸೀವರ್ ಹಾಕಿದೆ. ದೋಣಿಯೊಳಗಿನ ರಿಸೀವರನ್ನೂ ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರನ್ನೂ ಒಂದಕ್ಕೊಂದು ಪರಿಚಯ ಮಾಡಿಸಬೇಕು. ಆ ಗಳಿಗೆಯಲ್ಲಿ ಟ್ರಿಗರ್ ಎಲ್ಲಿದೆಯೋ ಅದನ್ನು ರಿಸೀವರ್ ನೆನಪಿಟ್ಟುಕೊಳ್ಳುತ್ತದೆ. ಮುಂದೆ ಯಾವಾಗ ಸಂಕೇತ ಕಡಿದರೂ ಮೋಟಾರನ್ನು ಅಲ್ಲಿಗೇ ಒಯ್ಯುತ್ತದೆ. ಹಾಗಾಗಿ ಟ್ರಿಗರ್ ಬಿಟ್ಟೇ ಇರಬೇಕು. ಆಗ ಸಂಕೇತ ಕಡಿದರೆ ದೋಣಿ ನಿಲ್ಲುತ್ತದೆ.

ಇನ್ನೊಂದು ಬೇರೆ ಕೆಲಸವಿದೆ: ಪೂರ್ತಿ ವೇಗ ಎಂದರೆ ಎಷ್ಟು ಎಂದು ಮೋಟಾರಿನ ನಿಯಂತ್ರಕಕ್ಕೆ ಕಲಿಸುವುದು. ಅದಕ್ಕೆ ಟ್ರಿಗರನ್ನು ಕೊನೆಯವರೆಗೆ ಒತ್ತಿ ಹಿಡಿಯಬೇಕು. ಒಂದಾದ ಮೇಲೆ ಒಂದು ಮಾಡಬೇಕಾದ ಎರಡು ಕೆಲಸ. ಅಮ್ಮ ರೊಟ್ಟಿ ಆರುತ್ತದೆ ಎಂದು ಮೂರನೆಯ ಸಲ ಕರೆದಿದ್ದಳು. ನಾನು ಎರಡನ್ನೂ ಒಂದೇ ಸಲಕ್ಕೆ, ಟ್ರಿಗರ್ ಒತ್ತಿ ಹಿಡಿದೇ, ಮಾಡಿದೆ ಎಂದು ನೆನಪು.

ಪಟ್ಟಿಯ ಒಂಬತ್ತನೆಯ ಸಾಲು: ದೋಣಿಯನ್ನು ನೀರಿನಿಂದ ಎತ್ತಿ ಹಿಡಿದು ಟ್ರಾನ್ಸ್‌ಮಿಟರ್ ಆರಿಸಿ, ಮೋಟಾರ್ ನಿಲ್ಲುವುದನ್ನು ನೋಡಿ. ಹನ್ನೊಂದು ವರ್ಷದಲ್ಲಿ ಅದು ಒಮ್ಮೆಯೂ ತಪ್ಪಿರಲಿಲ್ಲ. ಗುರುತುಗಳನ್ನು ಶನಿವಾರವೇ ಹಾಕಿದ್ದೆ, ಮನೆಯಲ್ಲಿ, ಹನ್ನೆರಡನ್ನೂ ಒಂದೇ ಪೆನ್ನಿನಲ್ಲಿ.

ತಗಡಿನ ಶೆಡ್ಡಿನ ಹಿಂದೆ ಸಂಕೇತ ಕಡಿಯುವುದು ಸಾಧ್ಯ. ಕಡಿದರೆ ಚುಕ್ಕಾಣಿಯೂ ತಿರುಗುವುದಿಲ್ಲ.

ಪೆಟ್ಟಿಗೆ ತೆರೆದು ಬ್ಯಾಟರಿ ಸೇರಿಸಿದರೆ ಹತ್ತು ಸೆಕೆಂಡಿನಲ್ಲಿ ತಿಳಿಯುತ್ತದೆ. ತೆರೆದಿಲ್ಲ. ಅಳೆಯದೆ ಇರುವುದನ್ನು ಅಂಕಿ ಎನ್ನುವುದಿಲ್ಲ.

ಡಿಸೆಂಬರ್ 21, ಭಾನುವಾರ

ಅಮ್ಮನಿಗೆ ವೇರೂಳಿನ ಘೃಷ್ಣೇಶ್ವರನ ದರ್ಶನ ಮಾಡಬೇಕಿತ್ತು. ಬೆಳಗಿನ ಬಸ್ಸು ಮಧುಕರನದೇ. ಅಮ್ಮನಿಗೆ ಯಾವತ್ತಿನಂತೆ ಮುಂದಿನ ಸೀಟು ಹಿಡಿದಿಟ್ಟಿದ್ದ. ನಾನು ಅವಳ ಪಕ್ಕ ಕುಳಿತೆ. ಅಲ್ಲಿಂದ ಅವನ ಎರಡು ಕೈಗಳೂ ಕಾಣುತ್ತವೆ. ನಾಶಿಕದಿಂದ ವೈಜಾಪುರದವರೆಗೆ ನೋಡಿದೆ. ಅಲುಗಾಟವಿಲ್ಲ. ಹಿಡಿತ ಮಾತ್ರ ಬಿಗಿ, ಗೆಣ್ಣುಗಳು ಬೆಳ್ಳಗಾಗಿದ್ದವು.

ವೈಜಾಪುರದಲ್ಲಿ ಚಹಾ. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

“ಏನೋ ಮಧುಕರ, ಥಂಡಿ ಹತ್ತೇದಾ?” ಅಮ್ಮ ಕೇಳಿದಳು.

“ಇಲ್ಲವಾ. ಕೈ ಮ್ಯಾಲಿನ ಭರೋಸಾ ಹೋಗ್ಯಾದ.” ನಕ್ಕ. “ಒಂದನೇ ತಾರೀಖಿಗೆ ಡಿಪೋದಾಗ ಬರ್ದು ಕೊಡ್ತೀನಿ. ಇನ್ಮ್ಯಾಲ ಗಾಡಿ ಬ್ಯಾಡ, ಒಳಗ ಯಾವದರೆ ಕೆಲಸ ಕೊಡ್ರಿ ಅಂತ.”

“ಹುಚ್ಚ ಇದ್ದೀ ಏನು? ನಿನ್ನ ಗಾಡಿನ್ಯಾಗ ನಾ ಬಾಯಿ ತಕ್ಕೊಂಡು ನಿದ್ದಿ ಮಾಡೀನಿ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವ ಡಾಕ್ಟರ್ ಕೊಡ್ತಾನ?”

“ನೀ ಮಲ್ಕೊಂಡಿರ್ತೀ ಅಂತನೇ ಅಂಜಿಕಿ, ಮಲ್ಲಮ್ಮವ್ವಾ. ದೋಣಿನ್ಯಾಗ ಯಾರೂ ಮಲಗಿರ್ಲಿಲ್ಲ.”

ಅಮ್ಮ ನನ್ನನ್ನು ನೋಡಿದಳು. ನಾನು ಚಹಾದ ಲೋಟ ಹಿಂದಿರುಗಿಸಲು ಎದ್ದೆ.

ದರ್ಶನಕ್ಕೆ ಎರಡು ಗಂಟೆ ಸಾಲು. ಸಾಲಿನಲ್ಲಿ ಅಮ್ಮ ಕೇಳಿದಳು: “ನೀ ಯಾಕ ಏನೂ ಅನ್ಲಿಲ್ಲ? ನಿನ್ ಮಾತಂದ್ರ ಅಂವಗ ಸರಕಾರಿ ಶಿಕ್ಕಾ ಇದ್ದಂಗ. ‘ನಿನ್ ಕೈ ಛಲೋ ಅದ’ ಅಂತ ಅಂದಿದ್ರ ನಿಂದೇನು ಸವೀತಿತ್ತು?”

ಸಾಲು ಸರಿಯಿತು, ಮುಂದಕ್ಕೆ ನಡೆದೆ. ಅವಳು ಮತ್ತೆ ಕೇಳಲಿಲ್ಲ.

ಡಿಸೆಂಬರ್ 22

ಬರೆಯುವಂಥದ್ದು ಏನೂ ಇಲ್ಲ.

ಡಿಸೆಂಬರ್ 23

ಇಲ್ಲ.

ಡಿಸೆಂಬರ್ 26, ಶುಕ್ರವಾರ

ಕಾರ್ಖಾನೆಯಲ್ಲಿ ದಾಖಲೆಯ ಅಂಕಿ ತಪ್ಪಿದರೆ ಅದನ್ನು ಅಳಿಸುವಂತಿಲ್ಲ. ಒಂದೇ ಗೆರೆ ಎಳೆಯಬೇಕು, ಹಳೆಯದು ಓದಲು ಬರುವಂತೆ. ಪಕ್ಕದಲ್ಲಿ ಸರಿಯಾದದ್ದು, ತಾರೀಖು, ಸಹಿ.

ನವೆಂಬರ್ 11ರ ಪುಟದಲ್ಲಿ ‘ನಾನು ದೋಣಿಯನ್ನು ನೋಡುತ್ತಿದ್ದೆ’ ಎಂಬುದಕ್ಕೆ ಇವತ್ತು ಗೆರೆ ಎಳೆದಿದ್ದೇನೆ.

ಸರಿಯಾದದ್ದು: ದೋಣಿ ತಿರುವಿನಲ್ಲಿ ನೇರ ಹೋದ ಕೂಡಲೇ ನಾನು ಮಧುಕರನ ಕೈ ನೋಡಿದೆ. ತೋರುಬೆರಳು ಟ್ರಿಗರಿನಿಂದ ಪೂರ್ತಿ ಹೊರಗಿತ್ತು, ಗಾಳಿಯಲ್ಲಿ, ಉಗುರು ಆಕಾಶದ ಕಡೆಗೆ. ಮೋಟಾರಿನ ಸದ್ದು ಇಳಿಯಲಿಲ್ಲ. ಅದರ ಅರ್ಥ ನನಗೆ ಆಗಲೇ ಗೊತ್ತಾಯಿತು.

ಫೋನಿನಲ್ಲಿ ಹೇಳುವಂಥದ್ದಲ್ಲ ಎಂದುಕೊಂಡೆ. ಅದು ನೆಪವೂ ಇರಬಹುದು. ಭಾನುವಾರ ಅವನಲ್ಲಿಗೆ ಹೋಗುತ್ತೇನೆ. ಕಾದಂಬರಿಯನ್ನು ಲೈಬ್ರರಿಗೆ ಮುಗಿಸದೆ ಹಿಂದಿರುಗಿಸಿದೆ.

ಡಿಸೆಂಬರ್ 28, ಭಾನುವಾರ. ಛತ್ರಪತಿ ಸಂಭಾಜಿನಗರ

ದೋಣಿಯನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಮಧುಕರನ ಮನೆ ಮುಕುಂದವಾಡಿಯಲ್ಲಿ. ಅವನ ಹೆಂಡತಿ ಮೈತ್ರೇಯಿ ಕಣಕ ನಾದುತ್ತಿದ್ದಳು. ಅವನಿಗೆ ರಜೆ.

“ಅಯ್ಯೋ, ನಮ್ಮ ಹಕ್ಕಿಗೆ ಹೊಸ ಬಟ್ಟಿ ತೊಡಿಸ್ಯಾಳ!” ಎಂದ. ರಿಪೇರಿ ಮಾಡಿದ ಜಾಗವನ್ನು ಬೆರಳಿನಿಂದ ಹುಡುಕಿದ. ಸಿಗಲಿಲ್ಲ.

ಅಂಗಳದ ಮಂಚಕ್ಕೆ ದೋಣಿಯನ್ನು ಎರಡು ಕಡೆ ಕಟ್ಟಿದೆ. ಪ್ರೊಪೆಲರ್ ಕಳಚಿದೆ. ಪೆಟ್ಟಿಗೆ ತೆರೆದು ಬ್ಯಾಟರಿ ಸೇರಿಸಿದೆ. ಟ್ರಾನ್ಸ್‌ಮಿಟರನ್ನು ಅವನ ಕೈಗೆ ಕೊಟ್ಟೆ.

“ಟ್ರಿಗರ್ ಮುಟ್ಟಬೇಡ. ಬರೀ ಆರಿಸು.”

“ಮೋಟಾರ್ ಸುಮ್ಮನೇ ಅದಲ್ಲ, ಆರಿಸಿ ಏನು ನೋಡೂದು?”

“ಆರಿಸು.”

ಆರಿಸಿದ. ಒಂದು ಸೆಕೆಂಡ್ ಏನೂ ಆಗಲಿಲ್ಲ. ಆಮೇಲೆ ಮೋಟಾರ್ ಒಮ್ಮೆಲೇ ಪೂರ್ತಿಗೆ ಏರಿತು. ಮಂಚ ನಡುಗಿತು. ನಾನು ಬ್ಯಾಟರಿ ಕಿತ್ತೆ.

ಅವನು ಕೈಯಲ್ಲಿದ್ದ ಟ್ರಾನ್ಸ್‌ಮಿಟರನ್ನು ನೋಡಿದ. ನನ್ನ ಕೈಯಿಂದ ಬ್ಯಾಟರಿ ತೆಗೆದುಕೊಂಡು ತಾನೇ ಸೇರಿಸಿದ, ಟ್ರಾನ್ಸ್‌ಮಿಟರ್ ಹಾಕಿದ, ಆರಿಸಿದ. ಮತ್ತೆ ಅದೇ ಸದ್ದು. ಹಾಕಿದ, ನಿಂತಿತು. ಆರಿಸಿದ, ಏರಿತು. ಎಷ್ಟು ಸಲ ಎಂದು ಎಣಿಸಲಿಲ್ಲ. ಪಕ್ಕದ ಮನೆಯವರು ಗೋಡೆಯಾಚೆಯಿಂದ ಇಣುಕಿದರು. ಮೈತ್ರೇಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಬ್ಯಾಟರಿ ಸೋತು ಸದ್ದು ಇಳಿದಾಗ ಅವನು ನಿಲ್ಲಿಸಿದ.

“ನಿನ್ನ ಬೆರಳು ಬಿಟ್ಟಿತ್ತು,” ಎಂದೆ. “ನಾನು ನೋಡಿದೆ.”

“ಕೂಗೋರು ಕೈ ನೋಡಂಗಿಲ್ಲ.”

“ನೋಡಿದೆ.”

“ಇದು ಯಾವಾಗ ಗೊತ್ತಾತು ನಿನಗ?”

“ದೋಣಿ ದಂಡೆ ಹತ್ತುವ ಮುಂಚೆ.”

ಅವನು ಟ್ರಾನ್ಸ್‌ಮಿಟರನ್ನು ಮಂಚದ ಮೇಲಿಟ್ಟ. ಮಾತಾಡಿದ್ದು ಮೈತ್ರೇಯಿ: “ಶುಕ್ರವಾರನೇ ಡಿಪೋದಾಗ ಅರ್ಜಿ ಕೊಟ್ಟು ಬಂದಾರ್ರಿ. ಒಂದನೇ ತಾರೀಖಿಗೆ ಗದ್ದಲ ಇರ್ತದ ಅಂತ. ಎರಡು ದಿನಾ ಮೊದಲ ಬಸ್ ಇರ್ಲಿಲ್ಲೇನ್ರಿ ನಾಶಿಕದಿಂದ?”

“ಇತ್ತು,” ಎಂದೆ.

“ಏಳು ವಾರ ಈ ಮನಷಾ ಉಣ್ಣೂವಾಗ ತನ್ನ ಕೈ ನೋಡ್ಕೋತ ಉಂಡಾನ. ಮಗಳ ಮನಿಗೆ ಹೋದ್ರ ಕೂಸಿನ್ನ ಎತ್ಕೊಳಲಿಲ್ಲ. ಬಿದ್ದೀತು ಅಂತ.”

“ಸಾಕು ಬಿಡು,” ಎಂದ ಮಧುಕರ, ಅವಳಿಗೆ. ಒಳಗಿನಿಂದ ಕಾಗದ ತಂದು ನನ್ನ ಮುಂದಿಟ್ಟ. “ಬರಿ. ಡಿಪೋಕ್ಕ ಕೊಡಬೇಕು.”

ಮರಾಠಿಯಲ್ಲಿ ಬರೆದೆ. ನನ್ನ ನಿರ್ಲಕ್ಷ್ಯದಿಂದ ಉಂಟಾದ ತಾಂತ್ರಿಕ ದೋಷ, ಎಂದು. ಅವನು ಓದಿ ಹಿಂದಕ್ಕೆ ತಳ್ಳಿದ.

“ಇದು ಪೇಪರಿನ್ಯಾಗ ಬರೋ ಮಾತು. ಇದ್ರಾಗ ನೀ ಎಲ್ಲಿದ್ದಿ? ಏನ್ ಮಾಡ್ದಿ ಅದನ್ನ ಬರಿ.”

ನಾಲ್ಕನೆಯ ಹಾಳೆಯಲ್ಲಿ ಉಳಿದದ್ದು ಮೂರು ವಾಕ್ಯ. ಸಂಕೇತ ಕಡಿದಾಗ ದೋಣಿ ಓಡುವಂತೆ ನಾನು ಜೋಡಿಸಿದೆ. ಪರೀಕ್ಷೆ ಮಾಡದೆಯೇ, ಮಾಡಿದ್ದೇನೆ ಎಂದು ಗುರುತು ಹಾಕಿದೆ. ಮಧುಕರ ಟ್ರಿಗರ್ ಬಿಟ್ಟದ್ದನ್ನು ಕಂಡೂ ಕಾಣಲಿಲ್ಲ ಎಂದೆ.

ಮೂರು ಪ್ರತಿ ಮಾಡಿಸಿದ. ಡಿಪೋಕ್ಕೆ ಒಂದು, ವೈಷ್ಣವಿಗೆ ಒಂದು. ಮೂರನೆಯದನ್ನು ನನಗೇ ಕೊಟ್ಟ. “ಜಯಂತಗ ನಾ ಹೇಳಾಂಗಿಲ್ಲ.”

ದೋಣಿ ಅಲ್ಲೇ ಇರಲಿ ಎಂದ. ಸಾಹೇಬ ಎನ್ನಲಿಲ್ಲ. ಬಸ್ ಸ್ಟ್ಯಾಂಡಿಗೆ ಬರಲಿಲ್ಲ. ನಾಲ್ಕೂ ಹದಿನೈದರ ಗಾಡಿ ಸಿಕ್ಕಿತು. ಓಡಿಸುತ್ತಿದ್ದವನು ಯಾರೋ ಹೊಸಬ.

ಡಿಸೆಂಬರ್ 31, ಬುಧವಾರ

ಮೈತ್ರೇಯಿಯ ಮೆಸೇಜು: ಬರೆದುಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಾಗದು. ಇಪ್ಪತ್ತನೆಯ ತಾರೀಖು ವೈದ್ಯಕೀಯ ಪರೀಕ್ಷೆ, ಪಾಸಾದರೆ ಮತ್ತೆ ಗಾಡಿ. ಅಲ್ಲಿಯವರೆಗೆ ಬಸ್ ಪಾಸ್ ಕೊಡುವ ಕಿಟಕಿಯಲ್ಲಿ ಕೆಲಸ.

ವೈಷ್ಣವಿ ಫೋನ್ ಮಾಡಿದಳು. ಮಧುಕರನ ಮೇಲಿನ ನಿರ್ಬಂಧ ತೆಗೆದಿದ್ದಾರೆ. ನಾನು ಇನ್ನು ಮುಂದೆ ಯಾರ ಪಟ್ಟಿಗೂ ಸಹಿ ಹಾಕುವಂತಿಲ್ಲ. ಸರಿ ಎಂದೆ.  ಅವಳು ಫೋನ್ ಇಟ್ಟಳು.

ಅಮ್ಮನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ನಿಲ್ಲಿಸಲಿಲ್ಲ. “ನಾ ಕರಿಲಿಲ್ಲಂದ್ರ ಆಗ್ತಿತ್ತೇನು?” ಎಂದಳು.

“ನೀನು ಕರೆದದ್ದಕ್ಕಲ್ಲ,” ಎಂದೆ. ಪುಟ ತಿರುಗಿಸಿ ನೋಡಿದರೆ ಡಿಸೆಂಬರ್ 14ರಂದು ಅವಳು ಕರೆದದ್ದಕ್ಕೇ ಎಂಬಂತೆ ಬರೆದಿದ್ದೇನೆ. ಆ ಸಾಲಿಗೂ ಗೆರೆ ಎಳೆದೆ.

ಜನವರಿ 4, 2026, ಭಾನುವಾರ. ಸಟಾಣಾ

ಜಯಂತ್ ವಾಕರ್ ಹಿಡಿದು ಅಂಗಳದವರೆಗೆ ಬಂದಿದ್ದ. ಕಾಗದವನ್ನು ಕೈಗೆ ಕೊಟ್ಟೆ. ಬಿಚ್ಚಿ, ದೂರ ಹಿಡಿದು, ಹಿಂದಕ್ಕೆ ಕೊಟ್ಟ.

“ಕನ್ನಡಕ ಒಳಗಿದೆ. ಯಾರು ತರಬೇಕು? ನೀವೇ ಓದಿ.”

ಅವನ ಹೆಂಡತಿ ಈರುಳ್ಳಿ ಆರಿಸುತ್ತಿದ್ದಳು. ನನಗೊಂದು ಕುರ್ಚಿ ಹಾಕಿದಳು. ನಾನು ನಿಂತೇ ಓದಿದೆ.

ಮೊದಲ ವಾಕ್ಯ ಓದಿದೆ. ಎರಡನೆಯದನ್ನು ಓದಿದೆ. ಜಯಂತ್ ಕಾಲು ನೋಡಿಕೊಂಡ. ಅವಳ ಕೈ ಈರುಳ್ಳಿಯ ಮೇಲೆ ನಿಂತಿತ್ತು.

ಮೂರನೆಯದರಲ್ಲಿ ‘ಮಧುಕರ’ ಎಂಬಲ್ಲಿಗೆ ಬಂದಾಗ ಓದು ನಿಂತಿತು.  ಅಕ್ಷರಗಳು ಕಾಣುತ್ತಿರಲಿಲ್ಲ. ಬಿಸಿಲು ಇರಬೇಕು ಎಂದು ಕಾಗದವನ್ನು ಆ ಕಡೆ ತಿರುಗಿಸಿದೆ, ಆಗಲೂ ಕಾಣಲಿಲ್ಲ.

ಅವಳು ತಂಬಿಗೆಯಲ್ಲಿ ನೀರು ತಂದಳು. ಜಯಂತ್ ವಾಕರಿನ ಮೇಲೆ ಎರಡೂ ಕೈ ಊರಿ ನಿಂತು ಕಾಯುತ್ತಿದ್ದ.

ನೀರು ಕುಡಿದೆ. ಮೂರನೆಯ ವಾಕ್ಯವನ್ನು ಮೊದಲಿನಿಂದ ಓದಿದೆ.